ಕೀಮೋ ನಡೆಯುತ್ತಿರುವ ಮಗು ಮನೆಯಲ್ಲಿದ್ದಾಗ: ಘಟ್ಟದ ಮೇಲಿನ, ಕೆಳಗಿನ ಪೋಷಕರಿಗೆ

(ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ತಂದೆತಾಯಂದಿರಿಗಾಗಿ ಕುಮಟಾದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳಷ್ಟು ಮನೆಗಳಲ್ಲಿ ಮಗುವಿಗೆ ಬಂದಿರುವುದು ರಕ್ತದ ಕ್ಯಾನ್ಸರ್, ಅದರಲ್ಲೂ ಎ.ಎಲ್.ಎಲ್. ಎನ್ನುವ ಬಗೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ ನಡೆಯುತ್ತದೆ. ಅಷ್ಟೂ ಕಾಲ ಮಗು ವಾರ್ಡಿನಲ್ಲಿ ಇರುವುದಿಲ್ಲ. ಹೆಚ್ಚಿನ ದಿನಗಳನ್ನು ಮನೆಯಲ್ಲೇ, ನಿಮ್ಮ ಕಣ್ಣೆದುರೇ ಕಳೆಯುತ್ತದೆ. ಸೋಂಕಿನಿಂದ ಅದನ್ನು ಕಾಯುವ ಕೆಲಸದ ದೊಡ್ಡ ಪಾಲು ಹಾಗಾಗಿ ನಿಮ್ಮದೇ.

ಕೌಂಟ್, ಅಂದರೆ ರಕ್ತದ ಬಿಳಿ ಕಣಗಳ ಸಂಖ್ಯೆ, ಬಿದ್ದಿದೆ ಎಂದು ಗೊತ್ತಾದ ಕೂಡಲೇ ಮನೆಯವರು ಮೊದಲು ಮಾಡುವುದು ಮಗುವನ್ನು ಒಳಕೋಣೆಗೆ ಸೇರಿಸಿ ಬಾಗಿಲು ಹಾಕುವುದು. ಆ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೆ ಬಿಳಿ ರಕ್ತಕಣ ಕುಸಿದಾಗ ಮಗುವಿನ ರಕ್ತಕ್ಕೆ ನುಗ್ಗುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಮೊದಲಿನಿಂದಲೂ ಅದರದೇ ಬಾಯಿ, ಕರುಳು ಮತ್ತು ಚರ್ಮದಲ್ಲಿ ಇದ್ದಂಥವು. ಕೀಮೋ ಔಷಧ ಬಾಯಿಯ ಮತ್ತು ಕರುಳಿನ ಒಳಪದರವನ್ನು ತೆಳುಮಾಡಿ ಹುಣ್ಣಾಗಿಸುತ್ತದೆ. ಅಲ್ಲಿಂದ ಅವು ರಕ್ತಕ್ಕೆ ಇಳಿಯುತ್ತವೆ. ಕೋಣೆಯ ಬಾಗಿಲು ಅವನ್ನು ತಡೆಯಲಾರದು. ಎಷ್ಟೇ ಜೋಪಾನ ಮಾಡಿದರೂ ಚಿಕಿತ್ಸೆಯ ನಡುವೆ ಜ್ವರ ಬರಬಹುದು, ಅದು ಯಾರ ತಪ್ಪೂ ಅಲ್ಲ. ಜ್ವರ ಬಂದ ಮೇಲೆ ಮೊದಲ ಆಂಟಿಬಯೋಟಿಕ್ ಎಷ್ಟು ಬೇಗ ರಕ್ತನಾಳಕ್ಕೆ ಹೋಯಿತು ಎನ್ನುವುದು ಮಾತ್ರ ನಮ್ಮ ಕೈಯಲ್ಲಿದೆ, ಮತ್ತು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೊತ್ತು ಕಳೆದುಹೋಗುವುದೂ ಅಲ್ಲೇ. ಇವತ್ತಿನ ಮಾತಿನ ಹೆಚ್ಚಿನ ಪಾಲನ್ನು ಅದಕ್ಕೇ ಕೊಡುತ್ತೇವೆ.

ರಿಪೋರ್ಟಿನಲ್ಲಿ ಯಾವ ಸಂಖ್ಯೆ ನೋಡಬೇಕು

ಸಿ.ಬಿ.ಸಿ. ಎಂಬ ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಬಂದಾಗ ಎಲ್ಲರೂ ಟೋಟಲ್ ಕೌಂಟ್ ನೋಡುತ್ತಾರೆ. ಅದೊಂದೇ ಸಾಲದು. ಬ್ಯಾಕ್ಟೀರಿಯಾ ಎದುರಿಸುವ ಕಣಗಳು ನ್ಯೂಟ್ರೋಫಿಲ್‌ಗಳು, ಅವು ಎಷ್ಟಿವೆ ಎಂಬ ಲೆಕ್ಕಕ್ಕೆ ಎ.ಎನ್.ಸಿ. ಎನ್ನುತ್ತಾರೆ. ಟೋಟಲ್ ಕೌಂಟನ್ನು ನ್ಯೂಟ್ರೋಫಿಲ್ ಶೇಕಡಾ ಸಂಖ್ಯೆಯಿಂದ ಗುಣಿಸಿ ನೂರರಿಂದ ಭಾಗಿಸಿ. ಕೆಲವು ಲ್ಯಾಬಿನವರು ನ್ಯೂಟ್ರೋಫಿಲ್ ಬದಲು ಪಾಲಿಮಾರ್ಫ್ಸ್ ಎಂದು ಬರೆಯುತ್ತಾರೆ, ಎರಡೂ ಒಂದೇ. ಬ್ಯಾಂಡ್ ಫಾರ್ಮ್ಸ್ ಎಂದು ಬೇರೆ ಸಾಲು ಇದ್ದರೆ ಅದನ್ನೂ ಕೂಡಿಸಿಕೊಳ್ಳಿ.

ಒಂದು ಮಗುವಿನ ಟೋಟಲ್ ಕೌಂಟ್ 4,000, ನ್ಯೂಟ್ರೋಫಿಲ್ ಶೇ. 10 ಎಂದಿಟ್ಟುಕೊಳ್ಳಿ. ಎ.ಎನ್.ಸಿ. 400 ಆಯಿತು. ಇನ್ನೊಂದು ಮಗುವಿನ ಟೋಟಲ್ 1,900, ನ್ಯೂಟ್ರೋಫಿಲ್ ಶೇ. 60. ಅದರ ಎ.ಎನ್.ಸಿ. 1,140. ಕಾಗದದ ಮೇಲೆ ಚೆನ್ನಾಗಿ ಕಾಣುವ ಮೊದಲ ಮಗುವೇ ಹೆಚ್ಚು ಅಪಾಯದಲ್ಲಿದೆ. 500ಕ್ಕಿಂತ ಕೆಳಗಿದ್ದರೆ ಅಪಾಯ ತೀವ್ರ. 500ರಿಂದ 1,000 ಮಧ್ಯಮ. ಹೆಚ್ಚಿನ ಕೀಮೋ ಔಷಧಗಳಲ್ಲಿ ಕೌಂಟ್ ತಳ ಮುಟ್ಟುವುದು ಔಷಧ ಕೊಟ್ಟ 7ರಿಂದ 14ನೇ ದಿನದ ನಡುವೆ. ಮನೆಗೆ ಬಂದು ಒಂದು ವಾರ ಮಗು ಓಡಾಡಿಕೊಂಡಿತ್ತು, ಇನ್ನೇನು ಭಯವಿಲ್ಲ ಎಂದು ನೀವು ನೆಮ್ಮದಿಯಾಗುವ ಹೊತ್ತಿಗೆ ಸರಿಯಾಗಿ ಅದು ಬಿದ್ದಿರುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೀಮೋ ಆದ ದಿನವನ್ನೂ ಆ ಎಂಟು ದಿನಗಳನ್ನೂ ಬೇರೆ ಬಣ್ಣದಲ್ಲಿ ಗುರುತು ಹಾಕಿ. ಮನೆಯಲ್ಲಿ ಎಲ್ಲರಿಗೂ, ಅಜ್ಜಿಗೂ ಸಹ, ಅದು ಕಾಣಬೇಕು.

ಜ್ವರ

ಡಿಜಿಟಲ್ ಥರ್ಮಾಮೀಟರ್ ಎರಡು ಇಟ್ಟುಕೊಳ್ಳಿ, ಒಂದರ ಬ್ಯಾಟರಿ ನಡುರಾತ್ರಿಯೇ ಮುಗಿಯುವುದುಂಟು. ಹಣೆಗೆ ಹಿಡಿಯುವ ಯಂತ್ರವನ್ನು ನಂಬಬೇಡಿ. ಫ್ಯಾನಿನ ಗಾಳಿ, ಬೆವರು ಎರಡೂ ಅದರ ಓದನ್ನು ತಪ್ಪಿಸುತ್ತವೆ. ಕಂಕುಳಿನ ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ, ತುದಿ ಕಂಕುಳಿನ ಗುಳಿಯ ನಡುವೆ ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಪಕ್ಕೆಗೆ ಒತ್ತಿ ಹಿಡಿದು ಬೀಪ್ ಆಗುವ ತನಕ ಕಾಯಿರಿ. ಕಂಕುಳಿನ ಓದು ಬಾಯಿಯದಕ್ಕಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಬರುತ್ತದೆ ಎನ್ನುವುದು ನೆನಪಿರಲಿ. ಬಾಯಲ್ಲಿ ಇಡುವುದಾದರೆ ಬಿಸಿ ಅಥವಾ ತಣ್ಣಗಿನದು ಕುಡಿದು 20 ನಿಮಿಷವಾದರೂ ಆಗಿರಬೇಕು. ಗುದದಲ್ಲಿ ಥರ್ಮಾಮೀಟರ್ ಇಡಲೇಬಾರದು, ಅಲ್ಲಿ ಸಣ್ಣ ಗೀರಾದರೂ ಸೋಂಕಿಗೆ ದಾರಿ.

ಒಮ್ಮೆ 101 ಡಿಗ್ರಿ ಬಂದರೆ, ಅಥವಾ 100.4 ಒಂದು ಗಂಟೆ ಹಾಗೇ ನಿಂತರೆ, ಅದನ್ನು ಜ್ವರ ಎಂದು ಹೆಚ್ಚಿನ ಕ್ಯಾನ್ಸರ್ ವಿಭಾಗಗಳು ಲೆಕ್ಕ ಹಿಡಿಯುತ್ತವೆ. ಆಸ್ಪತ್ರೆಯ ಪಕ್ಕದಲ್ಲೇ ಇರುವವರಿಗೆ ಆ ಒಂದು ಗಂಟೆ ಕಾಯುವುದು ಸರಿ. ನಮ್ಮ ಊರುಗಳ ಮಟ್ಟಿಗೆ ನಮ್ಮ ಸಲಹೆ ಬೇರೆ: ಕಂಕುಳಲ್ಲಿ 100.4 ಬಂತೆಂದರೆ ಹೊರಡಿ. 99.5 ದಾಟಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಅಷ್ಟರಲ್ಲಿ ಚೀಲ ಸಿದ್ಧ ಮಾಡಿ, ವಾರ್ಡಿಗೆ ಫೋನ್ ಮಾಡಿ.

ಜ್ವರವೇ ಇಲ್ಲದೆ ಸೋಂಕು ಬರುವುದೂ ಉಂಟು. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ನಡೆಯುತ್ತಿರುವಾಗ ಜ್ವರ ಮುಚ್ಚಿಹೋಗುತ್ತದೆ. ಹಾಗಾಗಿ ಚಳಿ ನಡುಕ, ಮೈ ಬಿಸಿಯಿದ್ದು ಕೈಕಾಲು ತಣ್ಣಗಿರುವುದು, ಎಬ್ಬಿಸಿದರೂ ಏಳದ ಮಂಕು, ಏದುಸಿರು, ಎಂಟು ತಾಸಿನಿಂದ ಉಚ್ಚೆ ಹೊಯ್ಯದಿರುವುದು, ಹೊಟ್ಟೆಯ ಬಲಭಾಗ ಕೆಳಗೆ ಮುಟ್ಟಗೊಡದಂಥ ನೋವು, ಇವುಗಳಲ್ಲಿ ಒಂದಿದ್ದರೂ ಥರ್ಮಾಮೀಟರ್ ಏನೇ ಹೇಳಲಿ, ಹೊರಡುವುದೇ. ಪೋರ್ಟ್ (ಎದೆಯ ಚರ್ಮದಡಿ ಕೂರಿಸಿದ, ಔಷಧ ಕೊಡುವ ಗುಂಡಿ) ಅಥವಾ ಪಿಕ್ ಲೈನ್ (ತೋಳಿನ ರಕ್ತನಾಳದಲ್ಲಿ ಇಟ್ಟ ಉದ್ದ ನಳಿಕೆ) ಫ್ಲಶ್ ಮಾಡಿದ, ಅಂದರೆ ದ್ರವ ಹಾಯಿಸಿ ಶುಚಿ ಮಾಡಿದ, ಸ್ವಲ್ಪ ಹೊತ್ತಿಗೆ ನಡುಕ ಬಂದರೆ ಲೈನಿನ ಒಳಗೇ ಸೋಂಕಾಗಿದೆ ಎಂದು ಶಂಕಿಸಬೇಕು.

ಇನ್ನು ತಪ್ಪುವುದು ಎಲ್ಲಿ ಎಂದು ನೋಡೋಣ. ಜ್ವರ ಕಂಡ ಕೂಡಲೇ ಪ್ಯಾರಸಿಟಮಾಲ್ ಕೊಡುತ್ತಾರೆ, ಮೈ ತಣ್ಣಗಾಗುತ್ತದೆ, ‘ಇಳಿಯಿತಲ್ಲ, ಬೆಳಿಗ್ಗೆ ನೋಡೋಣ’ ಎಂದು ಮಲಗುತ್ತಾರೆ. ಔಷಧ ಇಳಿಸಿದ್ದು ಬಿಸಿಯನ್ನು ಮಾತ್ರ. ಬ್ಯಾಕ್ಟೀರಿಯಾ ರಾತ್ರಿಯಿಡೀ ಬೆಳೆಯುತ್ತಿರುತ್ತದೆ. ಬೆಳಗಿನ ಹೊತ್ತಿಗೆ ಬಿ.ಪಿ. ಕುಸಿದ ಮಗುವನ್ನು ಹೊತ್ತುಕೊಂಡು ಓಡುವ ಸ್ಥಿತಿ ಬರಬಹುದು. ಅಳತೆ ತೆಗೆದು, ಬರೆದುಕೊಂಡು, ವೈದ್ಯರಿಗೆ ಹೇಳಿದ ಮೇಲೆ ಅವರು ಹೇಳಿದರೆ ಮಾತ್ರ ಪ್ಯಾರಸಿಟಮಾಲ್. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಬೇಡವೇ ಬೇಡ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣ ಕಡಿಮೆ ಇರುವಾಗ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಊರಿನ ಕ್ಲಿನಿಕ್ಕಿನಲ್ಲಿ ಜ್ವರಕ್ಕೆಂದು ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ನನ್ನೂ ತಪ್ಪಿಸಿ. ಕೌಂಟ್, ಪ್ಲೇಟ್ಲೆಟ್ ಎರಡೂ ಬಿದ್ದಿರುವಾಗ ಸ್ನಾಯುವಿನೊಳಗೆ ರಕ್ತ ಗಡ್ಡೆಕಟ್ಟಿ ಅಲ್ಲೇ ಸೋಂಕಾಗಬಹುದು.

ಮಳೆಗಾಲದಲ್ಲಿ ಇನ್ನೊಂದು ಮೋಸವಿದೆ. ಊರಲ್ಲೆಲ್ಲ ಡೆಂಗಿ, ಇಲಿಜ್ವರ, ಫ್ಲೂ ಇರುತ್ತದೆ. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರ, ಹೊನ್ನಾವರ ಕಡೆ ಮಂಗನ ಕಾಯಿಲೆಯ ಮಾತೂ ಬರುತ್ತದೆ. ಎಲ್ಲರಿಗೂ ಬಂದ ಜ್ವರವೇ ಇವನಿಗೂ ಬಂದಿದೆ ಎಂದು ಅನ್ನಿಸುವುದು ಸಹಜ. ಆ ಜ್ವರವೇ ಆಗಿರಲೂಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದ್ದು ಮೊದಲ ಆಂಟಿಬಯೋಟಿಕ್ ಡೋಸ್ ಒಳಗೆ ಹೋದ ಮೇಲೆ.

ಆಸ್ಪತ್ರೆಯ ಬಾಗಿಲು ದಾಟಿದ 60 ನಿಮಿಷದೊಳಗೆ ಆ ಡೋಸ್ ಕೊಡಬೇಕು ಎನ್ನುವುದು ಜಗತ್ತಿನ ಎಲ್ಲೆಡೆ ಮಕ್ಕಳ ಕ್ಯಾನ್ಸರ್ ವಾರ್ಡುಗಳು ಇಟ್ಟುಕೊಂಡ ಗುರಿ. ಕಾರವಾರದಿಂದ ಮಣಿಪಾಲ ಸುಮಾರು 200 ಕಿ.ಮೀ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100. ಬೆಂಗಳೂರಿನ ಕಿದ್ವಾಯಿಯಲ್ಲಿ ತೋರಿಸುವವರಿಗೆ ಒಂದು ರಾತ್ರಿಯ ಹಾದಿ. ನೇರ ಈ ದೂರದ ಆಸ್ಪತ್ರೆಗಳಿಗೇ ಹೊರಟರೆ ತಾಸುಗಟ್ಟಲೆ ಮಗುವಿನ ಮೈಗೆ ಒಂದು ತೊಟ್ಟು ಔಷಧವೂ ಸೇರುವುದಿಲ್ಲ. ಹಾಗಾಗಿ ಮೊದಲ ಡೋಸ್ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ, ಕಾರವಾರದವರಿಗೆ ಜಿಲ್ಲಾಸ್ಪತ್ರೆಯಲ್ಲಿ. ಆಮೇಲೆ ದೊಡ್ಡ ಆಸ್ಪತ್ರೆ. ಈ ಎರಡು ಹೆಜ್ಜೆಯ ಯೋಜನೆ ಜ್ವರ ಬಂದ ರಾತ್ರಿ ಹೊಳೆಯುವಂಥದ್ದಲ್ಲ, ಮುಂಚೆಯೇ ಕಟ್ಟಿಕೊಳ್ಳಬೇಕು.

ಮುಂದಿನ ಸಲ ಡಿಸ್ಚಾರ್ಜ್ ಆಗುವಾಗ ನಿಮ್ಮ ಕ್ಯಾನ್ಸರ್ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ‘ಈ ಮಗು ಕೀಮೋದಲ್ಲಿದೆ, ಜ್ವರ ಬಂದರೆ ಬ್ಲಡ್ ಕಲ್ಚರ್ ತೆಗೆದು ಒಂದು ಗಂಟೆಯೊಳಗೆ ಈ ಆಂಟಿಬಯೋಟಿಕ್ ಇಷ್ಟು ಮಿಲಿಗ್ರಾಂ ರಕ್ತನಾಳಕ್ಕೆ ಕೊಡಿ, ರಿಪೋರ್ಟಿಗಾಗಿ ಕಾಯಬೇಡಿ, ಕಲ್ಚರ್ ಬಾಟಲಿ ಇಲ್ಲದಿದ್ದರೂ ಡೋಸ್ ತಡಮಾಡಬೇಡಿ’ ಎಂದು ಅದರಲ್ಲಿ ಸ್ಪಷ್ಟವಾಗಿರಲಿ. ಬ್ಲಡ್ ಕಲ್ಚರ್ ಎಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಪರೀಕ್ಷೆ. ಸಾಮಾನ್ಯವಾಗಿ ಬರೆಯುವುದು ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್, ಸೆಫೆಪೈಮ್ ತರಹದ ಔಷಧ. ಯಾವುದು, ಎಷ್ಟು ಎನ್ನುವುದು ಮಗುವಿನ ತೂಕ ಮತ್ತು ಹಿಂದಿನ ಸೋಂಕುಗಳ ಮೇಲೆ ಹೋಗುತ್ತದೆ. ತೂಕ ಏರಿದಾಗ, ಕೀಮೋದ ಹಂತ ಬದಲಾದಾಗ ಪತ್ರವನ್ನೂ ಹೊಸದಾಗಿ ಬರೆಸಿ. ಕೊನೆಯ ಕೀಮೋದ ದಿನಾಂಕ, ಲೈನಿನ ಬಗೆ, ಔಷಧದ ಅಲರ್ಜಿ, ಇತ್ತೀಚೆಗೆ ಸ್ಟೀರಾಯ್ಡ್ ನಡೆದಿದೆಯೇ ಎಂಬುದೂ ಅದರಲ್ಲಿರಬೇಕು. ಸ್ಟೀರಾಯ್ಡ್ ವಿಷಯ ಯಾಕೆಂದರೆ, ಕೆಲವು ವಾರ ಅದನ್ನು ತೆಗೆದುಕೊಂಡ ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಸೋಂಕಿನಲ್ಲಿ ಬಿ.ಪಿ. ಬಿದ್ದರೆ ಹೊರಗಿನಿಂದ ಕೊಡಬೇಕಾಗುತ್ತದೆ.

ಮಗು ಚೆನ್ನಾಗಿರುವ ಒಂದು ದಿನ ಆ ಪತ್ರ ಹಿಡಿದು ತಾಲೂಕು ಆಸ್ಪತ್ರೆಗೆ ಹೋಗಿ ಮಕ್ಕಳ ವೈದ್ಯರನ್ನು ಕಾಣಿ. ಆ ಔಷಧ ಅವರ ಸ್ಟಾಕಿನಲ್ಲಿದೆಯೇ, ರಾತ್ರಿ ಪಾಳಿಯಲ್ಲಿ ಮಗುವಿನ ರಕ್ತನಾಳಕ್ಕೆ ಕ್ಯಾನುಲಾ ಸೂಜಿ ಹಾಕಬಲ್ಲವರು ಇರುತ್ತಾರೆಯೇ ಎಂದು ಕೇಳಿ. ಔಷಧ ಇಲ್ಲವೆಂದಾದರೆ ಒಂದು ಡೋಸಿನ ವಯಲ್ ಖರೀದಿಸಿ ಇಟ್ಟುಕೊಳ್ಳಬಹುದೇ, ಹೇಗೆ ಇಡಬೇಕು ಎಂದು ಕ್ಯಾನ್ಸರ್ ವೈದ್ಯರನ್ನೇ ವಿಚಾರಿಸಿ. ಪೋರ್ಟ್ ಇರುವ ಮಕ್ಕಳ ತಂದೆತಾಯಿ ಇನ್ನೊಂದು ಮಾತು ನೆನಪಿಡಬೇಕು: ಪೋರ್ಟಿಗೆ ಹ್ಯೂಬರ್ ಸೂಜಿ ಎಂಬ ಬೇರೆಯದೇ ಸೂಜಿ ಬೇಕು, ಸಾಧಾರಣ ಸೂಜಿ ಚುಚ್ಚಿದರೆ ಅದರ ಪೊರೆ ಹಾಳಾಗುತ್ತದೆ. ಆ ಸೂಜಿ, ಅದನ್ನು ಬಳಸಿ ರೂಢಿಯಿರುವ ನರ್ಸ್, ಇವೆರಡರಲ್ಲಿ ಒಂದು ಇಲ್ಲದಿದ್ದರೂ ಕೈಯ ರಕ್ತನಾಳಕ್ಕೇ ಮೊದಲ ಡೋಸ್ ಕೊಡಿಸಿ.

ಆಸ್ಪತ್ರೆ ತಲುಪಿದಾಗ ಚೀಟಿ ಮಾಡಿಸಿ ಸಾಲಿನಲ್ಲಿ ಕೂರಬೇಡಿ. ಆ ಬೆಂಚಿನ ಮೇಲೆ ಕೆಮ್ಮುವ ಹತ್ತು ಮಕ್ಕಳಿರುತ್ತಾರೆ. ನೇರ ಡ್ಯೂಟಿ ಡಾಕ್ಟರ ಹತ್ತಿರ ಹೋಗಿ ಹೀಗೆ ಹೇಳಿ: ‘ಡಾಕ್ಟ್ರೇ, ಇದು ಕೀಮೋ ನಡೀತಿರೋ ಮಗು, ಜ್ವರ ನೂರೊಂದು ಬಂದಿದೆ, ಹತ್ತು ದಿನದ ಹಿಂದೆ ಕೀಮೋ ಆಗಿದೆ, ಪತ್ರ ಇಲ್ಲಿದೆ, ಮೊದಲ ಡೋಸ್ ಕೊಟ್ಟುಬಿಡಿ.’ ಈ ನಾಲ್ಕು ಮಾತನ್ನು ಅಪ್ಪ, ಅಮ್ಮ ಮಾತ್ರವಲ್ಲ, ನೀವಿಲ್ಲದಾಗ ಮಗುವನ್ನು ನೋಡಿಕೊಳ್ಳುವ ಮಾವ, ಚಿಕ್ಕಮ್ಮನೂ ಬಾಯಿಪಾಠ ಮಾಡಿಕೊಂಡಿರಲಿ. ಡೋಸ್ ಕೊಟ್ಟ ಸಮಯವನ್ನು ಚೀಟಿಯಲ್ಲಿ ಬರೆಸಿ. ದೊಡ್ಡ ಆಸ್ಪತ್ರೆಯವರು ಮುಂದಿನ ಡೋಸಿನ ಹೊತ್ತನ್ನು ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ.

ಹಾದಿಯ ಬಗ್ಗೆಯೂ ಎರಡು ಮಾತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಮೂರು ವಾರ ಕಳೆದ ಕೂಡಲೇ, ಆಗಸ್ಟ್ 7ರಂದು, ಕಾರವಾರದ ಹಳೆಯ ಕಾಳಿ ಸೇತುವೆ ಬಿತ್ತು. ಜೂನ್ ಬರುವ ಮೊದಲೇ ನಿಮ್ಮ ಆಸ್ಪತ್ರೆಗೆ ಎರಡನೆಯ ದಾರಿ ಯಾವುದು, ದೇವಿಮನೆ ಘಟ್ಟ ಅಥವಾ ಅರಬೈಲ್ ಘಟ್ಟ ಮುಚ್ಚಿದರೆ ಎತ್ತ ಹೋಗುವುದು, ಕೊಂಕಣ ರೈಲ್ವೆಯ ಯಾವ ಗಾಡಿ ಯಾವ ಹೊತ್ತಿಗೆ ಎಂದು ಬರೆದಿಡಿ. ಚಿಕಿತ್ಸೆಯ ಮೊದಲ ತಿಂಗಳು ಮತ್ತು ಜೋರು ಕೀಮೋ ನಡೆಯುವ ಹಂತಗಳಲ್ಲಿ ಆಸ್ಪತ್ರೆಯಿಂದ ಅರ್ಧ ಗಂಟೆಯ ಒಳಗೆ ಎಲ್ಲಾದರೂ ರೂಮು ಮಾಡಿಕೊಂಡು ಇರುವುದೇ ಲೇಸು. ಖರ್ಚಾಗುತ್ತದೆ, ತೋಟ, ಕೆಲಸ ಬಿಟ್ಟು ಇರುವುದು ಸುಲಭವಲ್ಲ, ನಮಗೆ ಗೊತ್ತು. ಆದರೂ ಮಳೆಗಾಲದಲ್ಲಿ ಆ ಹಂತ ಬಿದ್ದರೆ ಇದನ್ನು ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇವೆ.

ಬಾಯಿ, ಕೆಳಭಾಗ, ಕೈ

ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುವ ಬಾಗಿಲುಗಳು ಇವು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ದಿನವೂ ಹೊಸದಾಗಿ ಮಾಡಿಟ್ಟು, ಊಟ ತಿಂಡಿ ಆದ ಮೇಲೆಲ್ಲ ಮತ್ತು ಮಲಗುವ ಮುನ್ನ ಬಾಯಿ ಮುಕ್ಕಳಿಸಿ ಉಗುಳಿಸಿ. ಮುಕ್ಕಳಿಸಲು ಬಾರದ ಪುಟ್ಟ ಮಗುವಾದರೆ ಅದೇ ನೀರಿನಲ್ಲಿ ಅದ್ದಿದ ಮೆತ್ತನೆ ಗಾಜ್ ಬಟ್ಟೆಯಿಂದ ಒಸಡು ಒರೆಸಿ. ಬ್ರಷ್ ಅತಿ ಮೃದುವಾದದ್ದಿರಲಿ. ನಾಲಗೆ, ಕೆನ್ನೆಯ ಒಳಗೆ ಮೊಸರಿನಂತೆ ಬಿಳಿ ಪದರ ಕಂಡು ಒರೆಸಿದರೂ ಹೋಗದಿದ್ದರೆ ಅದು ಶಿಲೀಂಧ್ರ, ವೈದ್ಯರಿಗೆ ತೋರಿಸಿ.

ಮಲಬದ್ಧತೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧ ಕೊಟ್ಟ ಮೇಲೆ ಕರುಳು ನಿಧಾನವಾಗುತ್ತದೆ, ಮಗು ತಿಣುಕುತ್ತದೆ, ಗುದದ ಬಳಿ ಸೀಳಾಗುತ್ತದೆ, ಅಲ್ಲಿಂದ ಸೋಂಕು. ಎರಡು ದಿನ ಸಂಡಾಸಿಗೆ ಹೋಗದಿದ್ದರೆ ಫೋನ್ ಮಾಡಿ, ಬರೆದುಕೊಟ್ಟ ಸಿರಪ್ ಕೊಡಿ. ಎನಿಮಾ, ಗುದದ ಮೂಲಕ ಕೊಡುವ ಮಾತ್ರೆ ಬೇಡ. ದಿನಕ್ಕೊಮ್ಮೆ ಸ್ನಾನ ಮಾಡಿಸುವಾಗ ಟಾರ್ಚ್ ಹಿಡಿದು ನೋಡಿ, ಕೆಂಪಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು. ಕೌಂಟ್ ಇಲ್ಲದ ಮಗುವಿಗೆ ಕೀವು ಕಟ್ಟುವುದಿಲ್ಲ, ಯಾಕೆಂದರೆ ಕೀವು ಆಗುವುದೇ ಬಿಳಿ ಕಣಗಳಿಂದ. ಹಾಗಾಗಿ ನಸುಗೆಂಪು, ನೋವು ಇಷ್ಟೇ ಸಾಕು ಗುರುತಿಗೆ. ಕೀಮೋ ಆದ 48 ತಾಸು ಮಗುವಿನ ಉಚ್ಚೆ, ಮಲದಲ್ಲಿ ಔಷಧದ ಅಂಶ ಇರುತ್ತದೆ, ತೊಳೆಯುವವರು ಗ್ಲೌಸ್ ಹಾಕಿಕೊಳ್ಳಿ.

ಕೈ ತೊಳೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು, ಹೆಬ್ಬೆರಳಿನ ಸುತ್ತ, ಉಗುರ ಸಂದಿ ಬಿಟ್ಟುಹೋಗಬಾರದು. ಒರೆಸುವ ಟವೆಲ್ ಮಗುವಿನದು ಬೇರೆಯೇ ಇರಲಿ. ಮಳೆಗಾಲದಲ್ಲಿ ನಾಲ್ಕು ದಿನ ಒಣಗದ ಟವೆಲ್, ಚಡ್ಡಿ ಇಸ್ತ್ರಿ ಹಾಕಿದ ಮೇಲೆಯೇ ಬಳಸಿ. ಬಂದರಿನಿಂದ, ಕೊಟ್ಟಿಗೆಯಿಂದ ಬಂದವರು ಮಿಂದು ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಬೇಕು.

ಅಡುಗೆಮನೆ

ಹಣ್ಣು ತರಕಾರಿ ಪೂರ್ತಿ ನಿಲ್ಲಿಸಿ ಬರೀ ಬಿಸ್ಕಿಟ್, ಬ್ರೆಡ್ಡಿನ ಮೇಲೆ ಮಗುವನ್ನು ಇಡುವ ಮನೆಗಳಿವೆ. ಆ ಬಗೆಯ ಬಿಗಿ ಪಥ್ಯವನ್ನು, ಶುಚಿಯಾಗಿ ಮಾಡಿದ ಸಾಮಾನ್ಯ ಊಟದ ಜೊತೆ ಹೋಲಿಸಿ ಮಕ್ಕಳಲ್ಲೂ ಅಧ್ಯಯನ ನಡೆದಿದೆ. ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಿಗಿ ಪಥ್ಯದಿಂದ ಮಗು ಸೊರಗುವುದೇ ಹೆಚ್ಚು. ನೋಡಬೇಕಾದ್ದು ಬೇಯಿಸಿದ್ದೇ, ಬಿಸಿಯಾಗಿದೆಯೇ, ಎಷ್ಟು ಹೊತ್ತಾಯಿತು ಎನ್ನುವ ಮೂರು ಸಂಗತಿ.

ಕರಾವಳಿಯ ಸೆಖೆಯಲ್ಲಿ ಅನ್ನ ಎರಡು ತಾಸಿಗಿಂತ ಹೆಚ್ಚು ಹೊರಗಿದ್ದರೆ ಮಗುವಿಗೆ ಬೇಡ. ಅಕ್ಕಿಯಲ್ಲಿ ಉಳಿದುಕೊಳ್ಳುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಅನ್ನ ತಣಿಯುತ್ತಿದ್ದಂತೆ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ತಂಗಳನ್ನ, ರಾತ್ರಿ ನೆನೆಸಿಟ್ಟ ಗಂಜಿ ಬಿಡಿ. ಆಗಷ್ಟೇ ಇಳಿಸಿದ ಕುಚ್ಚಲಕ್ಕಿ ಗಂಜಿಗೆ ತುಪ್ಪ ಹಾಕಿ ಕೊಡಿ. ಇಡ್ಲಿ, ದೋಸೆಯ ಹಿಟ್ಟು ಹುಳಿ ಬಂದರೂ ಬೇಯುತ್ತದಲ್ಲ, ಅಡ್ಡಿಯಿಲ್ಲ.

ಘಟ್ಟದ ಮೇಲಿನವರು ಕೇಳುವುದು ತಂಬುಳಿಯ ಬಗ್ಗೆ. ಒಂದೆಲಗ ಬೆಳೆಯುವುದು ನೀರು ನಿಲ್ಲುವ ತೋಟದ ಅಂಚಿನಲ್ಲಿ, ದನ ಓಡಾಡುವ ಕಡೆ. ಅದನ್ನು ಹಸಿಯಾಗಿ ಅರೆದು ಮಜ್ಜಿಗೆಗೆ ಹಾಕಿದರೆ ಮಣ್ಣಿನ ಜೀವಾಣು ಹಾಗೆಯೇ ಹೊಟ್ಟೆಗೆ ಹೋಗುತ್ತದೆ. ಎ.ಎನ್.ಸಿ. 500ಕ್ಕಿಂತ ಕಡಿಮೆ ಇರುವ ದಿನಗಳಲ್ಲಿ ತಂಬುಳಿ ಬಿಟ್ಟು ಅದೇ ಎಲೆಯ ಸಾರು ಕುದಿಸಿ. ಕೌಂಟ್ ಏರಿದ ಮೇಲೆ ಎಲೆಯನ್ನು ನಾಲ್ಕೈದು ನೀರಿನಲ್ಲಿ ತೊಳೆದು, ಜೀರಿಗೆ, ಮೆಣಸಿನ ಕಾಳಿನ ಜೊತೆ ತುಪ್ಪದಲ್ಲಿ ಬಾಡಿಸಿ, ಆಗಲೇ ಒಡೆದ ಕಾಯಿ ಹಾಕಿ ಅರೆದು ಕೂಡಲೇ ಉಣಿಸಬಹುದು. ಕಾಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ ಅಂದಿನ ಮೊಸರನ್ನು ಹೆಚ್ಚಿನ ವೈದ್ಯರು ಒಪ್ಪುತ್ತಾರೆ, ನಿಮ್ಮವರನ್ನೊಮ್ಮೆ ಕೇಳಿ. ಕರೆದ ಹಸಿ ಹಾಲು, ಕಾಡಿನಿಂದ ಇಳಿಸಿದ ಹಸಿ ಜೇನು ಬೇಡ.

ಘಟ್ಟದ ಕೆಳಗಿನವರಿಗೆ ಮೀನು. ಬಂಗಡೆಯೋ ತಾರ್ಲೆಯೋ, ಚೆನ್ನಾಗಿ ಬೆಂದು ಮುಳ್ಳಿನಿಂದ ಸುಲಭವಾಗಿ ಬಿಡುವಂತಿದ್ದರೆ ಧಾರಾಳ ಕೊಡಿ, ಈ ಮಕ್ಕಳಿಗೆ ಪ್ರೋಟೀನ್ ಬೇಕು. ಬಳಚು, ಸಿಂಪಿಯಂಥವು ಮಾತ್ರ ಚಿಕಿತ್ಸೆ ಮುಗಿಯುವ ತನಕ ಬೇಡ. ಅವು ಹಿನ್ನೀರನ್ನು ಸೋಸಿ ಬದುಕುವ ಜೀವಿಗಳು. ನೀರಿನಲ್ಲಿರುವ ವಿಬ್ರಿಯೋದಂಥ ಬ್ಯಾಕ್ಟೀರಿಯಾವನ್ನು ಮೈಯೊಳಗೆ ಕೂಡಿಟ್ಟುಕೊಳ್ಳುತ್ತವೆ, ಚಿಪ್ಪು ಬಾಯಿಬಿಡುವಷ್ಟು ಮಾತ್ರ ಬೇಯಿಸಿದರೆ ಅವು ಸಾಯುವುದಿಲ್ಲ. ಮೀನು ಹೆಚ್ಚುವ ಈಳಿಗೆಮಣೆ ಬೇರೆ, ಹಣ್ಣು ಹೆಚ್ಚುವ ಚಾಕು ಬೇರೆ. ಮೀನಿನ ಮುಳ್ಳು, ಬಲೆಯ ಗೀರು ಮಗುವಿನ ಕೈಗೆ ತಾಗದಂತೆ ನೋಡಿಕೊಳ್ಳಿ.

ಬಾವಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಗುಳುಗುಳು ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ, ಮುಚ್ಚಳವಿರುವ ಪಾತ್ರೆಯಲ್ಲಿಟ್ಟು ಆ ದಿನವೇ ಬಳಸಿ. ಬಾಳೆಹಣ್ಣು, ಕಿತ್ತಳೆಯಂತೆ ದಪ್ಪ ಸಿಪ್ಪೆಯ ಹಣ್ಣು ತೊಳೆದು ಸುಲಿದು ಕೊಡಬಹುದು. ಎಳನೀರು ಮನೆಯಲ್ಲೇ ತೊಳೆದ ಕತ್ತಿಯಿಂದ ಕೆತ್ತಿದ್ದು ಸರಿ. ಆಲೆಮನೆಯ ಕಬ್ಬಿನ ಹಾಲು, ಐಸ್ ಹಾಕಿದ ಶರಬತ್ತು ಬೇಡ. ದೇವಸ್ಥಾನದ ತೀರ್ಥವನ್ನು ಕುಡಿಸುವ ಬದಲು ತಲೆಗೆ ಹಚ್ಚಿ. ಭಟ್ಟರಿಗೆ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೂಷ್ಟು ಮತ್ತು ಅಡಿಕೆ ದೂಳು

ಕೌಂಟ್ ಬಹಳ ದಿನ ಕೆಳಗೇ ಉಳಿದಾಗ ಬ್ಯಾಕ್ಟೀರಿಯಾಕ್ಕಿಂತ ಶಿಲೀಂಧ್ರದ ಭಯ ಹೆಚ್ಚು. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣ ಉಸಿರಿನಲ್ಲಿ ಹೋಗಿ ಶ್ವಾಸಕೋಶದಲ್ಲಿ ಕೂರುತ್ತದೆ. ಅದು ಇರುವ ಜಾಗಗಳೆಲ್ಲ ನಮ್ಮ ಮನೆಗಳಲ್ಲೇ ಇವೆ: ಮಳೆಗಾಲದ ಹಸಿ ಗೋಡೆ, ಗೊಬ್ಬರಗುಂಡಿ, ಕೊಟ್ಟಿಗೆಗೆ ಹಾಸುವ ಒಣ ಎಲೆಯ ದರಕು, ಬಚ್ಚಲ ಒಲೆಯ ಪಕ್ಕ ಒಟ್ಟಿದ ಹಸಿ ಕಟ್ಟಿಗೆ, ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವಾಗ ಏಳುವ ದೂಳು. ಸುಲಿಯುವ ಕೆಲಸ ಇರುವ ದಿನಗಳಲ್ಲಿ ಮಗು ಬೇರೆ ಮನೆಯಲ್ಲಿರಲಿ, ಅಥವಾ ಅಡಿಕೆಯನ್ನೇ ಬೇರೆ ಕಡೆ ಸುಲಿಸಿ. ಗೋಡೆಯ ಬೂಷ್ಟನ್ನು ಒಣ ಪೊರಕೆಯಲ್ಲಿ ಗುಡಿಸಿದರೆ ಕಣಗಳೆಲ್ಲ ಗಾಳಿಗೆ ಏಳುತ್ತವೆ. ಮಗುವನ್ನು ಹೊರಗೆ ಕಳಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಬ್ಲೀಚ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒದ್ದೆಯಾಗಿಯೇ ಒರೆಸಿ. ಸುಣ್ಣ ಬಳಿಯುವುದಿದ್ದರೆ ಏಪ್ರಿಲ್‌ನಲ್ಲೇ ಮುಗಿಸಿ. ಕಿಟಕಿ ತೆರೆದಿರಲಿ, ಗಾಳಿಯಾಡದ ಒಳಕೋಣೆಗಿಂತ ಜಗುಲಿಯೇ ಒಳ್ಳೆಯದು.

ಅಮ್ಮ, ದಡಾರ, ಪೋಲಿಯೋ ಹನಿ

ಈ ಮಕ್ಕಳಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಶ್ವಾಸಕೋಶಕ್ಕೂ ಲಿವರ್‌ಗೂ ಇಳಿದು ಜೀವಕ್ಕೆ ಎರವಾಗಬಲ್ಲದು. ಮನೆಯಲ್ಲಿ ‘ಅಮ್ಮ ಬಂದಿದೆ’ ಎಂದಾಗ ಹೊರಗೆ ಹೇಳದೆ ಇರುವ ರೂಢಿ ಕೆಲವು ಕಡೆ ಇದೆ. ನೆರೆಮನೆಯವರಿಗೆ, ಶಾಲೆಯ ಟೀಚರಿಗೆ ಮೊದಲೇ ಕೇಳಿಕೊಂಡಿರಿ: ಯಾರಿಗಾದರೂ ಬಂದರೆ ಅವತ್ತೇ ನಮಗೆ ತಿಳಿಸಿ ಎಂದು. ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಅದು ಹರಡುತ್ತದೆ. ನಿಮ್ಮ ಮಗು ಅಂಥವರ ಜೊತೆ ಒಂದೇ ಕೋಣೆಯಲ್ಲಿ ಇತ್ತೆಂದು ಗೊತ್ತಾದ ಕೂಡಲೇ ಫೋನ್ ಮಾಡಿ. ರೋಗನಿರೋಧಕ ಇಮ್ಯುನೊಗ್ಲೋಬುಲಿನ್ ಕೊಡುವುದಾದರೆ 96 ತಾಸಿನೊಳಗೆ ಕೊಡುವುದು ಉತ್ತಮ, ಹೆಚ್ಚೆಂದರೆ 10 ದಿನ. ಅದು ಸಿಗದಿದ್ದರೆ ಎಸೈಕ್ಲೊವಿರ್ ಶುರುಮಾಡುವ ದಿನವನ್ನು ವೈದ್ಯರು ಹೇಳುತ್ತಾರೆ. ದಡಾರದ ಸಂಪರ್ಕವಾಗಿದ್ದರೆ ಇಮ್ಯುನೊಗ್ಲೋಬುಲಿನ್ 6 ದಿನದೊಳಗೆ.

ಚಿಕಿತ್ಸೆಯಲ್ಲಿರುವ ಮಗುವಿಗೆ ಜೀವಂತ ವೈರಾಣುವಿನ ಲಸಿಕೆ ಯಾವುದೂ ಕೊಡಬಾರದು: ಪೋಲಿಯೋ ಹನಿ, ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್, ರೋಟಾ. ತಮ್ಮ ತಂಗಿಯರ ವಿಷಯದಲ್ಲಿ ಗೊಂದಲವಾಗುತ್ತದೆ. ಅವರಿಗೆ ದಡಾರ-ರುಬೆಲ್ಲಾ ಕೊಡಿಸಲೇಬೇಕು, ಚಿಕನ್‌ಪಾಕ್ಸ್ ಲಸಿಕೆಯನ್ನೂ ದುಡ್ಡು ಕೊಟ್ಟಾದರೂ ಹಾಕಿಸಿ. ಅವರಿಗೆ ಬರದಿದ್ದರೆ ಅವರಿಂದ ಇವನಿಗೂ ಬರುವುದಿಲ್ಲ. ಆ ಲಸಿಕೆಯ ನಂತರ ಗುಳ್ಳೆ ಎದ್ದರೆ ಮಾತ್ರ ಒಣಗುವ ತನಕ ದೂರ ಇಡಿ. ಪೋಲಿಯೋ ಹನಿ ಮಾತ್ರ ಮನೆಯ ಯಾವ ಮಗುವಿಗೂ ಬೇಡ. ಅದರ ವೈರಾಣು ಕೆಲವು ವಾರ ಮಲದಲ್ಲಿ ಹೊರಬರುತ್ತದೆ. ಪಲ್ಸ್ ಪೋಲಿಯೋ ಭಾನುವಾರ ಮನೆಗೆ ಬರುವ ಆಶಾ ಅಕ್ಕನಿಗೆ ಮೊದಲೇ ವಿಷಯ ತಿಳಿಸಿ, ತಂಗಿಗೆ ಇಂಜೆಕ್ಷನ್ ರೂಪದ ಪೋಲಿಯೋ ಲಸಿಕೆ ಕೊಡಿಸಿ. ಗೊತ್ತಿಲ್ಲದೆ ಹನಿ ಹಾಕಿಸಿ ಆಗಿದ್ದರೆ ವಾರ್ಡಿಗೆ ತಿಳಿಸಿ, ಆ ಮಗುವಿನ ಬಟ್ಟೆ ಬದಲಿಸಿದ ಪ್ರತಿ ಸಲ ಸೋಪಿನಲ್ಲಿ ಕೈ ತೊಳೆಯಿರಿ. ಫ್ಲೂ ಇಂಜೆಕ್ಷನ್ ವರ್ಷಕ್ಕೊಮ್ಮೆ ಮನೆಮಂದಿಗೆಲ್ಲ ಇರಲಿ.

ನೋಡಲು ಬರುವ ನೆಂಟರಿಗೆ ಬಾಗಿಲಲ್ಲೇ ಹೇಳುವುದು ಕಷ್ಟದ ಕೆಲಸ. ‘ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ, ನಿಮಗೆ ಶೀತ ಇದೆ, ಜಗುಲಿಯಲ್ಲೇ ಕೂತು ಮಾತಾಡಿಸಿ’ ಎಂದು ಅಮ್ಮ ಹೇಳುವುದಕ್ಕಿಂತ ಮಗುವೇ ‘ಕೈ ತೊಳೆದ್ರಾ?’ ಎಂದು ಕೇಳಿದರೆ ಯಾರಿಗೂ ನೋವಾಗುವುದಿಲ್ಲ. ಆ ಕೆಲಸ ಮಗುವಿಗೇ ಕೊಡಿ, ಡಾಕ್ಟರನ್ನೂ ಕೇಳಲಿ. ಮೈಮೇಲೆ ಆಗುವುದೆಲ್ಲ ಬೇರೆಯವರು ಮಾಡುವುದೇ ಆಗಿರುವಾಗ, ತಾನೇ ನಡೆಸುವ ಒಂದು ನಿಯಮ ಅದಕ್ಕೆ ಬೇಕು. ಹಾಗೆಯೇ, ಕಾಯಿಲೆಯೆಂದು ಎಲ್ಲ ಹಟಕ್ಕೂ ಹೂಂ ಎನ್ನಬೇಡಿ. ಸ್ಟೀರಾಯ್ಡ್ ದಿನಗಳ ಸಿಟ್ಟು, ಹಸಿವು ಔಷಧದ್ದು, ಅದನ್ನು ಸಹಿಸಿಕೊಳ್ಳಿ. ಹಲ್ಲುಜ್ಜುವುದು, ಮಾತ್ರೆ ನುಂಗುವುದು, ತಂಗಿಗೆ ಹೊಡೆಯದಿರುವುದು ಮೊದಲಿನಂತೆಯೇ ಇರಲಿ.

ಸಭಿಕರ ಪ್ರಶ್ನೆಗಳಿಂದ

ಅಮೃತಬಳ್ಳಿ ಕಷಾಯ ಕೊಟ್ಟರೆ ಶಕ್ತಿ ಬರುವುದಿಲ್ಲವೇ ಎಂದು ಶಿರಸಿಯ ತಾಯಿಯೊಬ್ಬರು ಕೇಳಿದರು. ಕೊಡಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ನಿಮ್ಮ ಮಗು ತಿನ್ನುವ ಕೀಮೋ ಮಾತ್ರೆಗಳಾದ 6-ಎಂ.ಪಿ., ಮೆಥೊಟ್ರೆಕ್ಸೇಟ್ ಎರಡೂ ಲಿವರ್ ಮೇಲೆಯೇ ಭಾರ ಹಾಕುವಂಥವು. ಲಿವರ್ ಪರೀಕ್ಷೆ ಕೆಟ್ಟರೆ ಕೀಮೋ ನಿಲ್ಲಿಸಬೇಕಾಗುತ್ತದೆ, ನಿಂತ ದಿನಗಳು ಕ್ಯಾನ್ಸರಿಗೆ ಲಾಭ. ಅಡುಗೆಗೆ ಹಾಕುವ ಅರಿಶಿನ, ಶುಂಠಿ, ಜೀರಿಗೆಗೆ ಏನೂ ತೊಂದರೆಯಿಲ್ಲ. ಮನೆಯಲ್ಲಿ ಈಗಾಗಲೇ ಯಾವುದಾದರೂ ನಾಟಿ ಔಷಧ ಕೊಡುತ್ತಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ವೈದ್ಯರಿಗೆ ಹೇಳಿ.

ವಾರಕ್ಕೆ ಮೂರು ದಿನ ಕೊಡುವ ಸೆಪ್ಟ್ರಾನ್ ಮಾತ್ರೆಯನ್ನು ಜ್ವರವಿಲ್ಲದಾಗ ನಿಲ್ಲಿಸಬಹುದೇ ಎಂಬುದು ಇನ್ನೊಂದು ಪ್ರಶ್ನೆ. ನಿಲ್ಲಿಸಬಾರದು. ರೋಗನಿರೋಧಕ ಶಕ್ತಿ ಕುಂದಿದವರಿಗೆ ಬರುವಂಥ ಒಂದು ಬಗೆಯ ನ್ಯುಮೋನಿಯಾ ತಡೆಯಲು ಕೊಡುವುದು ಅದು. ಕೀಮೋ ಮುಗಿದ ಮೇಲೂ ಕೆಲವು ತಿಂಗಳು ನಡೆಯುತ್ತದೆ. ಇದೇ ಸಂದರ್ಭದಲ್ಲಿ ಹೇಳಬೇಕು, ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ಕೊಟ್ಟರೆ ಕೌಂಟ್ ಪೂರ್ತಿ ನೆಲಕಚ್ಚಿ ಪ್ರಾಣಕ್ಕೇ ಬರುತ್ತದೆ. ಆ ಮಾತ್ರೆಯ ಡಬ್ಬಿಯನ್ನು ಬೇರೆಯೇ ಇಟ್ಟು ಮೇಲೆ ವಾರದ ಹೆಸರು ದಪ್ಪಕ್ಷರದಲ್ಲಿ ಬರೆಯಿರಿ.

ಶಾಲೆಗೆ ಯಾವಾಗ, ಕಡಲಿಗೆ ಕರೆದುಕೊಂಡು ಹೋಗಬಹುದೇ ಎಂದು ಹಲವರು ಕೇಳಿದರು. ಜೋರು ಕೀಮೋ ಮುಗಿದು ಮೇಂಟೆನೆನ್ಸ್ ಹಂತಕ್ಕೆ ಬಂದು ಕೌಂಟ್ ನಿಂತ ಮೇಲೆ ವೈದ್ಯರು ಒಪ್ಪಿದರೆ ಶಾಲೆಗೆ ಕಳಿಸಿ, ಕಿಟಕಿಯ ಪಕ್ಕ ಕೂರಿಸಲು ಹೇಳಿ. ಬಿಸಿಬಿಸಿಯಾಗಿ ಬಡಿಸಿದ ಬಿಸಿಯೂಟ ಸರಿ, ತಟ್ಟೆ, ನೀರಿನ ಬಾಟಲಿ ಮನೆಯದು. ಸಂಜೆ ಟಾಗೋರ್ ಕಡಲತೀರದಲ್ಲಿ ಜನರಿಲ್ಲದ ಕಡೆ ಚಪ್ಪಲಿ ಹಾಕಿಕೊಂಡು ಒಣ ಮರಳಿನಲ್ಲಿ ಆಡಲಿ. ಪಿಕ್ ಲೈನ್ ಇದ್ದರೆ ಕಡಲು, ಹೊಳೆ, ಕೆರೆಯ ನೀರಿಗೆ ಇಳಿಯಬಾರದು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಈ ಸಲದ್ದನ್ನು ಬಿಟ್ಟು ಮುಂದಿನ ಜಾತ್ರೆಗೆ ಹೋಗಿ.

ಚಿಕಿತ್ಸೆ ಮುಗಿದ ಮರುದಿನದಿಂದ ಎಲ್ಲ ಮೊದಲಿನಂತಾಗುತ್ತದೆಯೇ ಎಂದು ಕೇಳಿದವರಿಗೆ: ಇಲ್ಲ. ರೋಗನಿರೋಧಕ ಶಕ್ತಿ ಮರಳಲು ಸುಮಾರು ಆರು ತಿಂಗಳು ಬೇಕು. ಬಿಟ್ಟುಹೋದ ಲಸಿಕೆಗಳನ್ನು, ಕೆಲವನ್ನು ಎರಡನೇ ಸಲ, ಅದರ ನಂತರ ವೈದ್ಯರು ಒಂದು ಪಟ್ಟಿ ಮಾಡಿ ಕೊಡಿಸುತ್ತಾರೆ. ಪೋರ್ಟ್ ಇನ್ನೂ ಎದೆಯಲ್ಲಿದ್ದರೆ ಅದನ್ನು ತೆಗೆಸುವ ತನಕ ತಿಂಗಳಿಗೊಮ್ಮೆ ಫ್ಲಶ್ ಆಗಬೇಕು, ಮತ್ತು ಅಲ್ಲಿಯವರೆಗೆ ಕೌಂಟ್ ಎಷ್ಟೇ ಚೆನ್ನಾಗಿರಲಿ, 100.4 ಬಂದರೆ ಅದೇ ಪತ್ರ ಹಿಡಿದು ಅದೇ ತಾಲೂಕು ಆಸ್ಪತ್ರೆಗೆ ಹೋಗಬೇಕು.